ನಾನು ಅಕ್ಷರ ಬರೆದ ಮೂರು ಪೇಟೆಗಳು

ಬೋರ್ಡು ಬರೆಯುವವನು ಎಷ್ಟೇ ಜಾಗ್ರತೆ ಮಾಡಿದರೂ, ಏಣಿಯಿಂದ ಇಳಿದು ರಸ್ತೆಯ ಆಚೆ ನಿಂತು ನೋಡುವಾಗ ಏನಾದರೊಂದು ಎಡವಟ್ಟು ಆಗಿಯೇ ಇರುತ್ತದೆ. ಅದು ಅವನಿಗೆ ಕಾಣುವ ಮೊದಲು ಪೇಟೆಗೆ ಕಂಡಿರುತ್ತದೆ.

ನಾನು ಕುಮಟೆಯ ಹತ್ತಿರದ ಹೊಳನಗದ್ದೆಯವನು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಕುಮಟಾ, ಹೊನ್ನಾವರ, ಭಟ್ಕಳ ಈ ಮೂರೂ ಪೇಟೆಗಳಲ್ಲಿ ಬೋರ್ಡು ಬರೆದು ಬದುಕಿದೆ. ಅಂಗಡಿ, ಹೋಟೆಲು, ಶಾಲೆಯ ಗೋಡೆ, ದೋಣಿ, ಎತ್ತಿನ ಗಾಡಿಯ ಹಲಗೆ, ಯಾವುದನ್ನೂ ಬಿಟ್ಟಿಲ್ಲ. ಈಗ ಆ ಪೇಟೆಗಳಲ್ಲಿ ಓಡಾಡಿದರೆ ನನ್ನ ಕೈಯ ಒಂದು ಅಕ್ಷರವೂ ಕಾಣುವುದಿಲ್ಲ. ಹಂಚಿನ ಅಂಗಡಿಗಳು ಹೋಗಿ ಸ್ಲ್ಯಾಬು ಬಂತು. ರಸ್ತೆ ಅಗಲವಾಯಿತು. ಗೋಡೆಗಳು ಹೋದರೂ ಅವುಗಳ ಎದುರು ನಡೆದದ್ದು ಮಾತ್ರ ನನ್ನ ತಲೆಯಲ್ಲಿ ಹಾಗೇ ಉಳಿದಿದೆ.

ದೋಣಿಯ ಎರಡು ಬದಿ

ಭಟ್ಕಳದ ಹತ್ತಿರದ ತೆಂಗಿನಗುಂಡಿಯಲ್ಲಿ ಅಣ್ಣತಮ್ಮಂದಿರಿಬ್ಬರು ಸೇರಿ ಒಂದು ಹೊಸ ದೋಣಿ ಮಾಡಿಸಿದರು. ಹೆಸರು ಬರೆಯಲು ನನ್ನನ್ನು ಕರೆದರು. ಅಣ್ಣನಿಗೆ ತನ್ನ ಹೆಂಡತಿಯ ಹೆಸರು ಬೇಕು, ತಮ್ಮನಿಗೆ ತನ್ನ ಹೆಂಡತಿಯ ಹೆಸರು. ಇಬ್ಬರೂ ಒಳ್ಳೆಯವರೇ. ಜಗಳ ಮಾಡಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದರು.

ನಾನು ಬುದ್ಧಿವಂತಿಕೆ ತೋರಿಸಿದೆ. "ದೋಣಿಗೆ ಎರಡು ಬದಿ ಅದೆಯಲ್ಲ. ಬಲಕ್ಕೆ ದೊಡ್ಡ ಸೊಸೆ, ಎಡಕ್ಕೆ ಸಣ್ಣ ಸೊಸೆ. ಆತಲ್ಲ?"

ಎಲ್ಲರಿಗೂ ಸಮಾಧಾನವಾಯಿತು. ಬಿಳಿಯ ಮೇಲೆ ನೀಲಿ ಅಕ್ಷರ, ಸುತ್ತ ಬಳ್ಳಿ. ದೋಣಿಯನ್ನು ನೀರಿಗೆ ಇಳಿಸಿದ ದಿನ ತೆಂಗಿನಕಾಯಿ ಒಡೆದು, ನನಗೂ ಊಟ ಹಾಕಿ ಕಳಿಸಿದರು.

ವಾರ ಕಳೆಯುವುದರೊಳಗೆ ಅಣ್ಣ ಕುಮಟೆಗೆ ಹುಡುಕಿಕೊಂಡು ಬಂದ. "ಮಾರಾಯ, ಮನೇಲಿ ಒಲೆ ಹತ್ತಲಿಲ್ಲ. ಬಂದು ಒಂದ್ಸಲ ನೋಡು."

ಹೋಗಿ ನೋಡಿದೆ. ಅಲ್ಲಿ ದೋಣಿ ಸಮುದ್ರಕ್ಕೆ ಹೋಗುವುದೂ ಬರುವುದೂ ಅಳಿವೆಯ ಸಣ್ಣ ಹಾದಿಯಲ್ಲಿ. ಹೆಂಗಸರು ಬುಟ್ಟಿ ಹಿಡಿದು ನಿಲ್ಲುವುದು ಒಂದೇ ದಡದಲ್ಲಿ. ಹೋಗುವಾಗ ದೋಣಿಯ ಬಲಬದಿ ಅವರಿಗೆ ಕಾಣುತ್ತದೆ, ತಿರುಗಿ ಬರುವಾಗ ಎಡಬದಿ. ನಾನು ದೋಣಿಯನ್ನು ಮಾತ್ರ ನೋಡಿದ್ದೆ, ದಡವನ್ನು ನೋಡಿರಲಿಲ್ಲ.

ದೊಡ್ಡ ಸೊಸೆ ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಖಾಲಿ ಹೋಗುವಾಗ ನನ್ನ ಹೆಸರು, ಮೀನು ತುಂಬ್ಕಂಡು ಬರುವಾಗ ಅವಳ ಹೆಸರು. ಇದು ಎಂತ ನ್ಯಾಯ?"

ಕೊನೆಗೆ ಅವರ ಅತ್ತೆ, ಆ ಮನೆಯ ಮುದುಕಿ, ಕೋಲೂರಿಕೊಂಡು ದೋಣಿ ನಿಲ್ಲುವ ಧಕ್ಕೆಗೆ ಬಂದು, "ಎರಡೂ ಬದಿಗೆ ನನ್ನ ಹೆಸರು ಬರಿ" ಎಂದು ಹೇಳಿ ಹೋದರು. ಬರೆದೆ. ಆ ವರ್ಷ ಅವರ ದೋಣಿಗೆ ಬಂದಷ್ಟು ಬಂಗಡೆ ಬೇರೆ ಯಾರಿಗೂ ಬರಲಿಲ್ಲ.

ಮುಂದಿನ ಸಲ ಹೋದಾಗ ಸೊಸೆಯಂದಿರಿಬ್ಬರೂ ಒಟ್ಟಿಗೆ ಕೂತು ಮೀನು ಆರಿಸುತ್ತಿದ್ದರು. ಅತ್ತೆಯ ಹೆಸರಿನ ಗುಣ ನೋಡಿ ಎಂದೆ. ಸಣ್ಣವಳು ತಲೆ ಎತ್ತದೆ ಹೇಳಿದಳು: "ಎಂತ ಗುಣ. ಆ ಹೆಸರು ಓದಿದ ಮೀನು ಹೆದ್ರಿ ತಾನೇ ಬಲೆಗೆ ಬೀಳ್ತದೆ."

ಮೊದಲಕ್ಷರ

ಭಟ್ಕಳದ ಪೇಟೆಯಲ್ಲಿ ಒಬ್ಬ ಸಾಹೇಬರು ದುಬೈಯಿಂದ ಬಂದು ಅಜ್ಜನ ಕಾಲದ ಅಂಗಡಿಯನ್ನು ಹೊಸದು ಮಾಡಿದರು. ಅಜ್ಜನ ಹೆಸರು ಜಮಾಲ್. ಅಂಗಡಿಗೂ ಅದೇ ಹೆಸರು, ಜಮಾಲ್ ಸ್ಟೋರ್. ಕನ್ನಡದಲ್ಲಿ ಬರೆದಾಯಿತು. ಕೆಳಗೆ ಉರ್ದುವಿನಲ್ಲೂ ಬೇಕು ಎಂದರು.

"ಸಾಹೇಬರೇ, ನನಗೆ ಉರ್ದು ಬರೂದಿಲ್ಲ."

"ಬರುವುದು ಬೇಡ ಮಾರಾಯ. ನೋಡಿ ಬರಿ. ದೋಣಿ ಮೇಲೆ ಮೀನಿನ ಚಿತ್ರ ಬರೀತಿ, ನಿನಗೆ ಈಜು ಬರುತ್ತದಾ?"

ಈಜು ಬರುತ್ತಿತ್ತು. ಆದರೂ ಮಾತು ಸರಿಯೇ ಎಂದು ಒಪ್ಪಿದೆ. ಅವರು ಒಬ್ಬ ಮಾಸ್ತರರಿಂದ ಕಾಗದದ ಮೇಲೆ ಬರೆಸಿ ತಂದುಕೊಟ್ಟರು. ನಾನು ಏಣಿ ಹತ್ತಿ, ಹುಟ್ಟಿದಾಗಿನಿಂದ ರೂಢಿಯಾದ ಹಾಗೆ, ಎಡಗಡೆಯಿಂದ ಶುರು ಮಾಡಿದೆ.

ಕೆಳಗೆ ಜನ ಸೇರಿದರು. ಇಷ್ಟು ಜನ ನನ್ನ ಕೆಲಸ ನೋಡಲು ಯಾವತ್ತೂ ನಿಂತಿರಲಿಲ್ಲ. ಹೊಗಳುತ್ತಿದ್ದಾರೆ ಎಂದು ತಿಳಿದು ಅಕ್ಷರಗಳನ್ನು ಇನ್ನಷ್ಟು ದಪ್ಪ ಮಾಡಿದೆ, ಬಾಲ ಎಳೆದೆ. ಒಬ್ಬ ಮುದುಕರು ಎದುರಿನ ಕಟ್ಟೆಯ ಮೇಲೆ ಕೂತು, "ಕೊನೆಯಿಂದ ಮೊದಲಿಗೆ ಬರೆಯುವವನನ್ನು ಇವತ್ತೇ ಕಂಡದ್ದು" ಎಂದದ್ದು ಕೇಳಿತು. ಅದನ್ನೂ ಹೊಗಳಿಕೆಯ ಲೆಕ್ಕಕ್ಕೆ ಸೇರಿಸಿಕೊಂಡೆ.

ಬಲಗಡೆಯ ಅಂಚು ಮುಟ್ಟಿದಾಗ ಕಾಗದದಲ್ಲಿ ಇನ್ನೂ ಒಂದು ಅಕ್ಷರ ಉಳಿದಿತ್ತು. ಹಲಗೆಯಲ್ಲಿ ಜಾಗ ಉಳಿದಿರಲಿಲ್ಲ. ಕೊನೆಯಲ್ಲಿ ಒಂದಕ್ಷರ ಹೋದರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡು ಇಳಿದೆ. ಬಲದಿಂದ ಎಡಕ್ಕೆ ಓದುವ ಉರ್ದುವಿನಲ್ಲಿ ಅದೇ ಮೊದಲಕ್ಷರ ಎಂದು ನನಗೇನು ಗೊತ್ತು.

ಸಾಹೇಬರು ಹೊರಗೆ ಬಂದು ಓದಿದರು. ಮತ್ತೊಮ್ಮೆ ಓದಿದರು. "ಜಮಾಲ್ ಅಂತ ಬರೀಲಿಕ್ಕೆ ಹೇಳಿದರೆ ಬರೀ ಮಾಲ್ ಅಂತ ಬರ್ದಿದ್ದೀ."

ಬೋರ್ಡು ಪೂರ್ತಿ ಒರೆಸಿ ಹೊಸದಾಗಿ ಬರೆದುಕೊಡುತ್ತೇನೆ ಎಂದೆ. ಅವರು ಬೇಡ ಎಂದು ಕೈ ಆಡಿಸಿದರು.

"ಇರಲಿ ಬಿಡು. ಜಮಾಲ್ ಹೋದರು, ಮಾಲ್ ಉಳಿಯಿತು. ನಮ್ಮ ಮನೆಯಲ್ಲಿ ಆದದ್ದೂ ಅದೇ."

ಹೋಟೆಲಿನ ಗೋಡೆ

ಕುಮಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿತ್ತು. ಬನ್ಸು, ಭಾಜಿ, ಚಾ. ಸುಣ್ಣ ಹೊಡೆಸಿ ಹೊಸ ಮೇಜು ಹಾಕಿಸಿದ ಮಾಲಕರಿಗೆ ಒಳಗಿನ ಉದ್ದ ಗೋಡೆಯ ಮೇಲೆ ನಮ್ಮ ಕಡೆಯ ನೋಡುವಂಥ ಜಾಗಗಳನ್ನೆಲ್ಲ ಬರೆಸಬೇಕು ಅಂತ ಆಸೆಯಾಯಿತು. ನನಗೂ ಅಕ್ಷರ ಬರೆದು ಬೇಜಾರು ಬಂದಿತ್ತು. ಹದಿನೈದು ದಿನ ಕೂತು ಬರೆದೆ. ಮಿರ್ಜಾನಿನ ಕೋಟೆ, ಅಘನಾಶಿನಿಯ ದೋಣಿಗಳು, ಅಪ್ಸರಕೊಂಡದ ನೀರು, ಶರಾವತಿಯ ಲಾಂಚು, ಮುರ್ಡೇಶ್ವರದ ಗುಡ್ಡ, ದೂರದಲ್ಲಿ ನೇತ್ರಾಣಿ ದ್ವೀಪ.

ಬರೆದು ಮುಗಿಸಿದ ಮೇಲೂ ಒಂದು ಮೂಲೆಯಲ್ಲಿ ಜಾಗ ಉಳಿದಿತ್ತು. ಅಲ್ಲಿ ನನ್ನ ಊರನ್ನೇ ಬರೆದೆ. ಗದ್ದೆ, ಎರಡು ಮನೆ, ನಡುವೆ ಬೇಲಿ, ಬೇಲಿಯ ಹತ್ತಿರ ಒಂದು ತೆಂಗಿನ ಮರ. ನೆನಪಿನಿಂದ ಬರೆದದ್ದು. ಆ ಮರದ ಬಗ್ಗೆ ಎರಡೂ ಮನೆಯವರಿಗೆ ಕೋರ್ಟಿನಲ್ಲಿ ವರ್ಷಗಟ್ಟಲೆಯಿಂದ ವ್ಯಾಜ್ಯ ನಡೆಯುತ್ತಿದೆ ಎನ್ನುವುದು ಮಾತ್ರ ಆ ಹೊತ್ತಿಗೆ ನೆನಪಾಗಲಿಲ್ಲ.

ಮರುದಿನವೇ ಬಲಗಡೆಯ ಮನೆಯಾತ ಚಾ ಕುಡಿಯಲು ಬಂದ. ಗೋಡೆ ನೋಡಿದವನು ಚಾ ಬಿಟ್ಟು ಎದ್ದು, ಹೋಟೆಲಿನಲ್ಲಿದ್ದವರಿಗೆಲ್ಲ ತೋರಿಸಿದ. "ಮರ ಬೇಲಿಯ ಯಾವ ಬದಿಗದೆ ನೋಡಿ. ಪೇಂಟರನಿಗೂ ಗೊತ್ತದೆ ಅದು ಯಾರದ್ದು ಅಂತ."

ಅದರ ಮರುದಿನ ಎಡಗಡೆಯ ಮನೆಯಾತ ನನ್ನ ಮನೆಗೇ ಬಂದ. "ಎಂತ ತಮ್ಮಾ, ನೀನೂ ಅವನ ಸಾಕ್ಷಿ ಆದ್ಯಾ? ಸಣ್ಣವ ಇದ್ದಾಗ ಆ ಮರದ ಎಳನೀರು ಕುಡಿದದ್ದು ನಮ್ಮ ಅಂಗಳದಲ್ಲಿ ನಿಂತು."

ಅದೂ ನಿಜವೇ. ಹೋಗಿ ಮರವನ್ನು ಎಡಕ್ಕೆ ಸರಿಸಿದೆ. ಸಂಜೆಯೊಳಗೆ ಬಲಗಡೆಯಾತ ಹೋಟೆಲಿನಲ್ಲಿ ಕೂತು ಮಾಲಕರ ಜೀವ ತಿಂದ.

ಮಾಲಕರು ನನ್ನನ್ನು ಕರೆಸಿದರು. "ಮರವನ್ನೇ ತೆಗೆ. ನಾನು ಹೋಟೆಲು ಇಟ್ಟದ್ದು ಚಾ ಮಾರೂಕೆ."

ತೆಗೆದೆ. ಮರ ಇದ್ದಲ್ಲಿ ಆಕಾಶ ಹಚ್ಚಿದೆ. ಇನ್ನು ತಕರಾರಿಲ್ಲ ಎಂದು ಅಲ್ಲೇ ಕೂತು ಬನ್ಸು ತಿನ್ನುತ್ತಿರುವಾಗ ಇಬ್ಬರೂ ಒಳಗೆ ಬಂದರು. ಕೋರ್ಟಿನ ತಾರೀಖು ಮುಗಿಸಿ, ಬೇರೆ ಬೇರೆ ದಾರಿಯಲ್ಲಿ, ಒಂದೇ ಹೊತ್ತಿಗೆ. ಗೋಡೆ ನೋಡಿದರು. ನಂತರ ಅಕ್ಕಪಕ್ಕ ನಿಂತು ನನ್ನ ಕಡೆ ತಿರುಗಿದರು.

"ನಮ್ಮ ಮರ ಕಡಿದವ ಯಾರು?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ಅಷ್ಟು ವರ್ಷ ಜಡ್ಜರ ಮುಂದೆ 'ನನ್ನ ಮರ' ಎಂದವರ ಬಾಯಲ್ಲಿ 'ನಮ್ಮ ಮರ' ಎಂದು ಬಂದದ್ದು ಅದೇ ಮೊದಲು. ವಕೀಲರಿಬ್ಬರಿಗೆ ನನ್ನ ಮೇಲೆ ಸಿಟ್ಟು ಬಂತಂತೆ.

ಸೋಡಾ ಬಾಟ್ಲಿ

ಕುಮಟೆಯ ಹಳೆಯ ಬೀದಿಯ ತಿರುವಿನಲ್ಲಿ ಒಂದು ಸೋಡಾ ಅಂಗಡಿಯಿತ್ತು. ಅದರ ಗೋಡೆಯ ಮೇಲೆ ಮನುಷ್ಯನಷ್ಟು ಎತ್ತರದ ಗೋಲಿ ಸೋಡಾ ಬಾಟ್ಲಿ ಬರೆದಿದ್ದೆ. ಕೆಲಸ ಕಲಿತ ಹೊಸತು. ಬಾಟ್ಲಿ ಸ್ವಲ್ಪ ಓರೆಯಾಗಿತ್ತು. ಆ ಬೀದಿಯವರು ಯಾರಿಗೆ ದಾರಿ ಹೇಳುವುದಿದ್ದರೂ ಆ ಬಾಟ್ಲಿಯಿಂದಲೇ ಶುರು ಮಾಡುತ್ತಿದ್ದರು. ಮುಂದೆ ಸೋಡಾ ಅಂಗಡಿ ಮುಚ್ಚಿ ಟೇಪ್ ರೆಕಾರ್ಡರ್ ಅಂಗಡಿ ಬಂತು. ಬಾಟ್ಲಿಯ ಮೇಲೆ ಸುಣ್ಣ ಬಳಿಯುವ ಕೆಲಸವೂ ನನಗೇ ಬಂತು.

ಬಳಿದು ಮುಗಿಸುವ ಹೊತ್ತಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬಾತ ಟ್ರಂಕು ಹಿಡಿದು ಬಂದು ನಿಂತ. ಅತ್ತ ನೋಡಿದ, ಇತ್ತ ನೋಡಿದ. "ಇಲ್ಲೊಂದು ಸೋಡಾ ಬಾಟ್ಲಿ ಇತ್ತಲ್ಲ?"

"ಇತ್ತು. ಬರೆದದ್ದು ನಾನೇ, ಈಗ ಅಳಿಸಿದ್ದೂ ನಾನೇ."

"ಹಾಗಾದ್ರೆ ನಾನು ಮನೆಗೆ ಹೋಗೂದು ಹ್ಯಾಂಗೆ?"

ಹದಿಮೂರು ವರ್ಷದ ಹಿಂದೆ ಅಣ್ಣನ ಹತ್ತಿರ ಮಾತಿಗೆ ಮಾತು ಬೆಳೆದು, ಮುಂಬಯಿಗೆ ಹೋಗಿ ಕ್ಯಾಂಟೀನು ಸೇರಿದವನಂತೆ. ಕಾಗದ ಬರೆದಿರಲಿಲ್ಲ. ಅಣ್ಣ ತೀರಿಕೊಂಡ ಸುದ್ದಿ ಊರವರೊಬ್ಬರಿಂದ ಮೊನ್ನೆ ತಿಳಿದು ಹೊರಟು ಬಂದಿದ್ದ. ಬಾಟ್ಲಿಯ ಬಾಯಿ ಓರೆಯಾದ ಕಡೆ ಹೋದರೆ ಬಾವಿ, ಬಾವಿಯ ಪಕ್ಕ ಹಂಚಿನ ಮನೆ, ಇಷ್ಟೇ ಅವನ ನೆನಪು. ಬಾಟ್ಲಿ ಹೋಗಿದೆ. ಬಾವಿಗೆ ಚಪ್ಪಡಿ ಮುಚ್ಚಿ ನಳ ಬಂದಿದೆ. ಮನೆಗಳೆಲ್ಲ ಒಂದೇ ಥರ ತಾರಸಿಯಾಗಿವೆ. ಅಳಿಸಿದ ತಪ್ಪಿಗೆ ನಾನೂ ಜೊತೆಗೆ ಹೊರಟೆ.

ಒಂದು ಜಗಲಿಯಲ್ಲಿ ನರೆತ ಕೂದಲಿನ ಹೆಂಗಸು ಒಣ ಸಿಗಡಿ ಆರಿಸುತ್ತಿದ್ದಳು. ಈತ ಕೇಳಿದ: "ಅಮ್ಮಾ, ಬಾವಿಯ ಹತ್ತಿರ ಒಂದು ಹಂಚಿನ ಮನೆ ಇತ್ತಲ್ಲ, ಎಲ್ಲಿ?"

ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಆ ಮನೇಲಿ ಯಾರು ಬೇಕಾಗಿತ್ತು?"

"ನನ್ನ ಅತ್ತಿಗೆ."

"ಹ್ಯಾಂಗಿದ್ಲು ನಿನ್ನ ಅತ್ತಿಗೆ?"

"ಉದ್ದ ಜಡೆ. ಕಪ್ಪು ಕೂದಲು. ಜೋರು ಬಾಯಿ."

"ಜಡೆ ಹೋತು, ಕಪ್ಪೂ ಹೋತು" ಎಂದಳು ಅವಳು. "ಬಾಯಿ ಅದೆ. ಕಾಲು ತೊಳ್ಕಂಡು ಒಳಗೆ ಬಾ."

ಆತ ಟ್ರಂಕು ಕೆಳಗಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತ. ಅವಳು ಸಿಗಡಿಯ ಮೊರದ ಮೇಲೆ ಬಗ್ಗಿಕೊಂಡು ತುಂಬಾ ಹೊತ್ತು ಆರಿಸಿದಳು. ನಾನು ಹಿಂದಿರುಗಿದೆ.

ಮೂರನೆಯ ದಿನ ಅತ್ತಿಗೆಯೇ ಹೇಳಿ ಕಳಿಸಿದಳು. ಮನೆಯ ಬಾಗಿಲ ಪಕ್ಕದಲ್ಲಿ ಒಂದು ಸೋಡಾ ಬಾಟ್ಲಿ ಬರೆಯಬೇಕಂತೆ. ಬರೆದೆ. ಹಳೆಯ ಗುರುತಿಗೆ ಸ್ವಲ್ಪ ಓರೆಯಾಗಿಯೇ ಬರೆದೆ.

"ಕೆಳಗೆ ಅಕ್ಷರ ಎಂತಾರೂ ಬೇಕಾ?" ಎಂದು ಕೇಳಿದೆ.

ಅವಳು ಮೈದುನನ ಕಡೆ ನೋಡಿ ಹೇಳಿದಳು: "'ಕೇಳೂದು ಬೇಡ, ಇದೇ ಮನೆ' ಅಂತ ಬರಿ."

ಎಚ್ಚರಿಕೆ

ಹೊನ್ನಾವರದಲ್ಲಿ ಆಗ ಶರಾವತಿಗೆ ಸೇತುವೆ ಇರಲಿಲ್ಲ. ಈಚೆ ದಡದಲ್ಲಿ ಬಸ್ಸಿಳಿದು, ಲಾಂಚು ಹತ್ತಿ ಕಾಸರಕೋಡಿಗೆ ದಾಟಬೇಕಿತ್ತು. ಆಚೆ ಬೇರೆ ಬಸ್ಸು. ಈಗ ಸೇತುವೆಯ ಮೇಲೆ ಒಂದು ನಿದ್ದೆಯ ಜೊಂಪಿನಲ್ಲಿ ದಾಟಿಹೋಗುವ ಆ ಹೊಳೆಯನ್ನು ನಾವು ಗಾಳಿ ಕುಡಿಯುತ್ತ, ಪರಿಚಯದವರನ್ನು ಮಾತಾಡಿಸುತ್ತ ದಾಟುತ್ತಿದ್ದೆವು.

ಕಾಸರಕೋಡಿನಲ್ಲಿ ನನಗೆ ಹೆಣ್ಣು ನೋಡುವುದು ನಿಶ್ಚಯವಾಗಿತ್ತು. ಅದೇ ದಿನ ಬೆಳಿಗ್ಗೆ ಲಾಂಚಿನೊಳಗೆ ಒಂದು ಬೋರ್ಡು ಬರೆಯುವ ಕೆಲಸವೂ ಇತ್ತು. ಹೇಗೂ ಹೋಗುವ ದಾರಿ ಎಂದು ಎರಡನ್ನೂ ಒಪ್ಪಿಕೊಂಡೆ. ಮೇಲೆ ಕೆಂಪಿನಲ್ಲಿ ಗೇಣುದ್ದದ 'ಎಚ್ಚರಿಕೆ', ಕೆಳಗೆ ಸಣ್ಣದಾಗಿ 'ಅಂಚಿನಲ್ಲಿ ನಿಲ್ಲಬಾರದು'. ಮುಗಿಸಿ, ಚಾದಂಗಡಿಯ ಹಿಂದೆ ಹೋಗಿ ಕೈ ತೊಳೆದು, ಹೊಸ ಬಿಳಿ ಅಂಗಿ ಹಾಕಿಕೊಂಡು, ಸೋದರಮಾವನ ಜೊತೆ ಅದೇ ಲಾಂಚು ಹತ್ತಿದೆ.

ಮೀನು ಬುಟ್ಟಿಯ ಹೆಂಗಸರು ತುಂಬಿದ್ದರು. ಹೊಳೆಯ ನಡುವೆ ಲಾಂಚು ವಾಲಿದಾಗ ಎಲ್ಲರೂ ನನ್ನ ಮೇಲೆ ಬಂದರು. ನಾನು ಹಿಂದಕ್ಕೆ ಸರಿದು ಹಲಗೆಗೆ ಒರಗಿ ನಿಂತೆ. ಬಣ್ಣದ ವಾಸನೆ ಬಂತು. ನನ್ನ ಮೈಯಿಂದ ಆ ವಾಸನೆ ಬಾರದ ದಿನವೇ ಇರಲಿಲ್ಲ, ಹಾಗಾಗಿ ಅದರ ಗೊಡವೆಗೆ ಹೋಗಲಿಲ್ಲ.

ದಾರಿ ಗೊತ್ತಿದ್ದ ಮಾವ ಮುಂದೆ, ನಾನು ಹಿಂದೆ. ಹೆಣ್ಣಿನ ಮನೆಯಲ್ಲಿ ನನ್ನನ್ನು ಗೋಡೆಯ ಹತ್ತಿರ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಹಿಂದಿನ ಗೋಡೆಯಲ್ಲಿ, ಮೊಳೆಗೆ ಬಾಗಿಸಿ ತೂಗುಹಾಕಿದ ದೊಡ್ಡ ಕನ್ನಡಿ ಇತ್ತು.

ಹುಡುಗಿ ಚಾದ ತಟ್ಟೆ ಹಿಡಿದು ಬಂದಳು. ನನ್ನನ್ನು ನೋಡಲಿಲ್ಲ. ನನ್ನ ಭುಜದ ಮೇಲಿಂದ ಹಿಂದಕ್ಕೆ ನೋಡಿದಳು. ಕಣ್ಣು ಸ್ವಲ್ಪ ಕಿರಿದು ಮಾಡಿದಳು. ಆಮೇಲೆ ಕಪ್ಪುಗಳು ತಟ್ಟೆಯಲ್ಲಿ ಗಲಗಲ ಎನ್ನುವಷ್ಟು ನಗು ಬಂತು ಅವಳಿಗೆ. ಅವಳ ಅಪ್ಪ ಕಣ್ಣು ಬಿಟ್ಟರು. ನಮ್ಮ ಮಾವನಿಗೆ ಮಾತ್ರ ಬಹಳ ಸಂತೋಷವಾಯಿತು.

"ಹುಡುಗನ ಹತ್ರ ಎಂತಾರೂ ಕೇಳೂದು ಅದೆಯಾ ತಂಗಿ?" ಎಂದು ಮಾವ ಕೇಳಿದರು.

"ಇಲ್ಲ. ಎಲ್ಲಾ ಓದಿ ಆತು" ಎಂದಳು.

"ಎಷ್ಟನೇ ಇಯತ್ತೆವರೆಗೆ?" ಎಂದರು ಮಾವ.

ತಿರುಗಿ ಬರುವಾಗ ಲಾಂಚಿನವನು ಅಕ್ಷರ ಕಲಸಿಹೋದ ಬೋರ್ಡನ್ನು ತೋರಿಸಿ, ನನ್ನ ಹೆಗಲು ಹಿಡಿದು ತಿರುಗಿಸಿದ. ಬೆನ್ನ ತುಂಬ ಕೆಂಪು ಅಕ್ಷರ, ತಿರುಗುಮುರುಗಾಗಿ. ಕನ್ನಡಿಯಲ್ಲಿ ಅದು ನೆಟ್ಟಗೆ ಕಂಡಿರುತ್ತದೆ ಎಂದು ಹೊಳೆದು, ಹೊಳೆಗೆ ಹಾರಿಬಿಡೋಣ ಅನ್ನಿಸಿತು. ಈ ಸಂಬಂಧ ಮುಗಿಯಿತು ಎಂದುಕೊಂಡೇ ಮನೆಗೆ ಬಂದೆ. ಮೂರು ದಿನ ಬ್ರಶ್ ಮುಟ್ಟಲಿಲ್ಲ.

ನಾಲ್ಕನೆಯ ದಿನ ಒಪ್ಪಿಗೆಯ ಸುದ್ದಿ ಬಂತು. ಮದುವೆಯಾಗಿ ಒಂದು ವರ್ಷ ನನಗೆ ಕೇಳಲು ಧೈರ್ಯವಾಗಲಿಲ್ಲ. ಕೊನೆಗೊಂದು ದಿನ ಅದೇ ಲಾಂಚಿನಲ್ಲಿ ಅವಳ ತವರಿಗೆ ಹೋಗುತ್ತ ಕೇಳಿದೆ: "ಅವತ್ತು ಅಷ್ಟೆಲ್ಲ ಕಂಡೂ ಯಾಕೆ ಒಪ್ಪಿದೆ?"

ಅವಳು ನೀರಿನ ಕಡೆ ನೋಡುತ್ತ ಹೇಳಿದಳು: "ಬೆನ್ನ ಮೇಲೆ ಎಚ್ಚರಿಕೆ ಅಂತ ಬರ್ಕಂಡೇ ಹೆಣ್ಣು ನೋಡೂಕೆ ಬಂದವ ಮೋಸಗಾರ ಆಗೂಕೆ ಸಾಧ್ಯ ಇಲ್ಲ ಅಂತ ಗ್ರಹಿಸಿದೆ. ಹೇಳೂದನ್ನ ನೀವು ಮೊದ್ಲೇ ಹೇಳಿದ್ರಿ. ಈಗ ನಾನು ಯಾರ ಹತ್ರ ದೂರುವುದು?"