ಟಾರು ಕಂಡರಾಗದ ನಮ್ಮತ್ತೆ

ನಮ್ಮ ಸೋದರತ್ತೆಗೆ ಟಾರು ರಸ್ತೆ ಕಂಡರೆ ಆಗುವುದಿಲ್ಲ. ದಾಯಾದಿಗಳನ್ನು ಕಂಡರೆ ಆಗದವರು, ಬದನೆಕಾಯಿ ತಿಂದರೆ ಆಗದವರು ಎಲ್ಲರ ಮನೆಯಲ್ಲೂ ಇರುತ್ತಾರೆ. ರಸ್ತೆಯ ಜೊತೆ ಮಾತು ಬಿಟ್ಟವರನ್ನು ನೀವು ಕಂಡಿದ್ದೀರಾ? ನಮ್ಮ ಮಧುಗಿರಿ ಸೀಮೆಯಲ್ಲಿ ದಾರಿಗೊಂದಿಷ್ಟು ಟಾರು ಹಾಕಿಸಿ ಎಂದು ಜನ ಚಪ್ಪಲಿ ಸವೆಸುತ್ತಾರೆ. ಕೆರೆ ಹಿಂದಿನ ಬಂಡಿ ಜಾಡಿಗೆ ಟಾರು ಬಿದ್ದ ದಿನ ಬೀದಿಯವರೆಲ್ಲ ಪೇಡ ಹಂಚಿದರು. ಅತ್ತೆ ಹೋಗಿ ಒಮ್ಮೆ ನೋಡಿದಳು, ಮನೆಗೆ ಬಂದಳು, ತಲೆಗೆ ನೀರು ಹಾಕಿಕೊಂಡಳು!

ಪಕ್ಕದ ಮನೆಯಾಕೆ ಗಾಬರಿಯಿಂದ ಓಡಿಬಂದು, "ಯಾರು ಹೋದ್ರಕ್ಕಾ?" ಎಂದು ಕೇಳಿದಳು.

"ಕೆರೆ ಹಿಂದ್ಲು ದಾರಿ ಹೋಯ್ತು ಕಣಮ್ಮ," ಎಂದು ಅತ್ತೆ ಕೂದಲು ಒರೆಸಿಕೊಂಡಳು.

ಅತ್ತೆ ಅಂಗನವಾಡಿಯಲ್ಲಿ ಟೀಚರಾಗಿ ನಿವೃತ್ತಳಾದವಳು. ಮಾವ ತೀರಿಕೊಂಡು ಬಹಳ ವರ್ಷವಾಗಿದೆ, ಮಕ್ಕಳಿಲ್ಲ. ಮಧುಗಿರಿ ಬೆಟ್ಟದ ತಪ್ಪಲಲ್ಲಿ ಒಬ್ಬಳೇ ಇರುತ್ತಾಳೆ. ಎರಡು ಬೀದಿಯಾಚೆ ಅವಳ ತಮ್ಮನ ಮನೆ. ಆ ತಮ್ಮನೇ ನಮ್ಮಪ್ಪ, ಹೈಸ್ಕೂಲಿನ ನಿವೃತ್ತ ಹೆಡ್‌ಮಾಸ್ಟರು.

ಮಂಡಿ ನೋವೆಂದು ಅತ್ತೆ ಡಾಕ್ಟರ ಹತ್ತಿರ ಹೋದದ್ದೇ ಇಷ್ಟಕ್ಕೆಲ್ಲ ಮೂಲ. ನಡಿಗೆ ಕಡಿಮೆ ಮಾಡಿ, ಸೈಕಲ್ ತುಳಿಯಿರಿ ಎಂದು ಅವರು ಹೇಳಿದರು. ಅವರು ಹೇಳಿದ್ದು ಮನೆಯೊಳಗೆ ನಿಂತಲ್ಲೇ ನಿಲ್ಲುವ ಸೈಕಲ್ಲು. ಅಪ್ಪ ಅದನ್ನೇ ತರಿಸಿಕೊಟ್ಟ. ಅತ್ತೆ ಕೆಲವು ದಿನ ಶ್ರದ್ಧೆಯಿಂದ ತುಳಿದಳು, ಆಮೇಲೆ ಅಪ್ಪನನ್ನು ಕರೆಸಿದಳು.

"ಲೇ, ಬೆಳಗಿನಿಂದ ತುಳೀತಾ ಇವ್ನಿ. ಇಷ್ಟೊತ್ತಿಗೆ ಸಿರಾ ಮುಟ್ಬೇಕಿತ್ತು. ನೋಡುದ್ರೆ ಇನ್ನೂ ಟಿವಿ ಮುಂದೇ ಕುಂತಿವ್ನಿ! ಇದೇನ್ಲಾ ಅನ್ಯಾಯ?"

ಆ ಸೈಕಲ್ಲು ಈಗ ಅತ್ತೆಯ ಮನೆಯಲ್ಲಿ ಒದ್ದೆ ಸೀರೆ ಒಣಗಿಸುವ ಕೆಲಸದಲ್ಲಿದೆ. ಅತ್ತೆ ಮಾತ್ರ ಮಾರನೆಯ ದಿನವೇ ನನ್ನನ್ನು ಜೊತೆಗೆ ಕರೆದುಕೊಂಡು ಬಸ್ಸಿನಲ್ಲಿ ಸಿರಾಗೆ ಹೋದಳು. ಅಲ್ಲಿನ ಸೈಕಲ್ ಅಂಗಡಿಯ ಸಾಹೇಬರು ಬಿಳಿ ಗಡ್ಡದ, ಮೆತ್ತಗಿನ ಮನುಷ್ಯ. ಮರ್ಯಾದೆಯಿಂದ ಕುರ್ಚಿ ಹಾಕಿ ಕೂರಿಸಿದರು. ಅತ್ತೆಯ ಕಣ್ಣು ಮೂಲೆಯಲ್ಲಿದ್ದ ಒಂದು ಸೈಕಲ್ಲಿನ ಮೇಲೆ ಬಿತ್ತು. ದಪ್ಪ ಟೈರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲು. ಬೆಂಗಳೂರಿನ ಯಾರೋ ಮಾರಿ ಹೋದದ್ದಂತೆ.

"ಅಮ್ಮಾ, ಅದು ಹುಡುಗ್ರ ಗಾಡಿ," ಎಂದರು ಸಾಹೇಬರು. "ನಿಮಗೆ ಲೇಡೀಸ್ ಸೈಕಲ್ ತೋರಿಸ್ತೀನಿ, ಏಕ್‌ದಂ ಫಸ್ಟ್ ಕ್ಲಾಸ್. ಮುಂದೆ ಬುಟ್ಟಿನೂ ಐತೆ."

"ಬುಟ್ಟೀಲಿ ಏನಿಕ್ಕಂಡು ಓಡಾಡ್ಲಿ ಸಾಬ್ರೇ? ನನ್ನ ವಯಸ್ಸನ್ನಾ?"

ಸಾಹೇಬರು ಮೂಲೆಯ ಸೈಕಲ್ಲನ್ನು ಹೊರಗೆ ತಂದು ಧೂಳು ಹೊಡೆದರು. "ಇದಕ್ಕೆ ಗ್ರಾವೆಲ್ ಬೈಕ್ ಅಂತಾರಮ್ಮಾ. ಜಲ್ಲಿ, ಮಣ್ಣು, ಕಾಡು, ಅಂಥಾ ಕಡೆ ಓಡ್ಸೋಕೇ ಅಂತ ಮಾಡಿರೋದು."

"ಅದಕ್ಕೆ ಬೇರೆ ಹೆಸರು ಬೇರೆನಾ? ನಮ್ಮಪ್ಪ ಸಾಯೋಗಂಟ ಜಲ್ಲಿ ಮೇಲೇ ಓಡ್ಸಿದ್ದು. ಪಾಪ, ಗೊತ್ತೇ ಇರ್ಲಿಲ್ಲ!"

ಅತ್ತೆ ಹುಡುಗಿಯಾಗಿದ್ದಾಗ ತಾತನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುವುದನ್ನು ಕಲಿತಿದ್ದಳಂತೆ. ಆ ವಿದ್ಯೆ ಮೈಯಲ್ಲಿ ಹಾಗೇ ಉಳಿದಿತ್ತು. ಹತ್ತುವಾಗ ಮಾತ್ರ ಒಂದು ಕಲ್ಲು ಬೇಕು. ಜೀವಮಾನವೆಲ್ಲ ಸೀರೆ ಉಟ್ಟವಳು ಚೂಡಿದಾರ ಹೊಲಿಸಿಕೊಂಡಳು, ತಲೆಗೆ ಹೆಲ್ಮೆಟ್ ಹಾಕಿದಳು, ಕಾಲಿಗೆ ಬೂಟು ಏರಿಸಿದಳು. ಮಧುಗಿರಿಯ ಜಗಲಿಗಳೆಲ್ಲ ಒಟ್ಟಿಗೆ ಬಾಯಿಬಿಟ್ಟವು! "ಈ ವಯಸ್ಸಲ್ಲಿ ಇದೆಲ್ಲ ಬೇಕಾ?" ಎಂದು ಒಬ್ಬಾಕೆ ಕೇಳಿಯೇಬಿಟ್ಟಳು. "ಆ ವಯಸ್ಸಲ್ಲಿ ನೀವು ಬುಡ್ಲಿಲ್ವಲ್ಲಮ್ಮಾ!" ಎಂದು ಅತ್ತೆ ಪೆಡಲು ಒತ್ತಿದಳು.

ಅಂದಿನಿಂದ ಅವಳ ಓಡಾಟವೆಲ್ಲ ಬಂಡಿ ಜಾಡು, ಕುರಿ ದಾರಿ, ಕೆರೆ ಏರಿ. ಟಾರು ಎದುರಾದರೆ ಅಡ್ಡ ದಾಟುವಷ್ಟು ಮಾತ್ರ ಸಂಬಂಧ. ತಂಗಡಿ, ಕಾರೆ, ಜಾಲಿ ಬೆಳೆದ ಕುರುಚಲು ಕಾಡು, ನಡುನಡುವೆ ಆನೆ ಮಲಗಿದಂಥ ಬಂಡೆಗಳು. ಮುಳ್ಳು ಹೆಜ್ಜೆಗೊಂದು. ಪಂಕ್ಚರ್ ಹಾಕುವುದನ್ನೂ ಸಾಹೇಬರಿಂದಲೇ ಕಲಿತು ಬಂದಳು. ಈ ಕಡೆ ಕರಡಿ ಕಾಟವಿದೆಯೆಂದು ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಒಮ್ಮೆ ತಡೆದರು.

"ಬರ್ಲಿ ಬುಡಪ್ಪಾ," ಎಂದಳು ಅತ್ತೆ. "ಅದ್ಕೂ ಟಾರು ಕಂಡ್ರೆ ಆಗಾಕಿಲ್ಲ. ನಾವಿಬ್ರೂ ಒಂದೇ ಪಾರ್ಟಿ!"

ಇನ್ನೊಂದು ದಿನ ಕೊರಟಗೆರೆಯ ಸಿದ್ದರಬೆಟ್ಟದ ಹಿಂಭಾಗದ ಕಾಡಿನಲ್ಲಿ ಚಾರಣಕ್ಕೆ ಬಂದಿದ್ದ ಪಟ್ಟಣದ ಹುಡುಗಿಯರ ಗುಂಪೊಂದು ಇವಳನ್ನು ಕಂಡು ಕಂಗಾಲಾಯಿತು. ಬೆವರಿಳಿಸಿಕೊಂಡು ಬಂಡೆಗೊರಗಿ ನಿಂತ ಮುದುಕಿ, ಪಕ್ಕದಲ್ಲಿ ಕೊಂಬಿನ ಸೈಕಲ್ಲು!

"ಆಂಟಿ, ದಾರಿ ತಪ್ಪಿ ಬಂದ್ಬಿಟ್ರಾ?"

"ಇಲ್ಲ ಕಣ್ರವ್ವಾ. ದಾರೀನ ನಾನೇ ಬೇಕೂಂತ ಬುಟ್ಟಿವ್ನಿ."

ಈ ಹುಚ್ಚು ಎಂಥದ್ದೆಂದು ನೋಡಿಯೇಬಿಡೋಣವೆಂದು ನಾನೂ ಒಂದು ಸೈಕಲ್ಲು ಎರವಲು ಪಡೆದು ಅವಳ ಹಿಂದೆ ಹೊರಟೆ. ಪಾವಗಡದ ಕಡೆಯ ಬಯಲು. ಅತ್ತೆ ಮುಂದೆ ಹಾಡಿಕೊಂಡು ಹೋಗುತ್ತಿದ್ದಳು, ನಾನು ಹಿಂದೆ ಏದುಸಿರು ಬಿಡುತ್ತಿದ್ದೆ. ಆ ಸೀಮೆಯಲ್ಲಿ ಮಾತು ಅರ್ಧ ತೆಲುಗು. ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ನಮ್ಮನ್ನು ನಿಲ್ಲಿಸಿ, "ಎಕ್ಕಡಿಕಿ ಪೋತಾವಮ್ಮಾ?" ಎಂದು, ಎಲ್ಲಿಗೆ ಹೊರಟೆಯೆಂದು ವಿಚಾರಿಸಿದಳು.

"ಊರಿಕೆ," ಎಂದಳು ಅತ್ತೆ. ತೆಲುಗಿನಲ್ಲಿ ಹಾಗೆಂದರೆ ಸುಮ್ಮನೆ ಎಂದರ್ಥ. ಅಜ್ಜಿಯ ಕಿವಿಗೆ ಅದು 'ಊರಿಕಿ', ಅಂದರೆ ಊರಿಗೆ ಎಂದು ಕೇಳಿಸಿತು.

"ಏ ಊರಿಕಿ?" ಯಾವ ಊರಿಗೆ ಎಂದು ಅಜ್ಜಿ ಬಿಡದೆ ಕೇಳಿದಳು.

"ಏ ಊರಿಕೀ ಕಾದಮ್ಮಾ! ಊರಿಕೆ!"

ಯಾವ ಊರಿಗೂ ಅಲ್ಲದೆ ಇಷ್ಟೊಂದು ತುಳಿಯುವವರನ್ನು ಅಜ್ಜಿ ಹುಟ್ಟಿದಾರಭ್ಯ ಕಂಡಿರಲಿಲ್ಲವೆಂದು ಕಾಣುತ್ತದೆ. ಕೋಲು ಊರಿಕೊಂಡು ನಕ್ಕಳು ನೋಡಿ, ಮೇಕೆಗಳೆಲ್ಲ ಮೇವು ಬಿಟ್ಟು ತಲೆಯೆತ್ತಿದವು!

ಇಷ್ಟೆಲ್ಲ ಆದ ಮೇಲೆ ಅತ್ತೆ ಬಿದ್ದಳು. ಐ.ಡಿ.ಹಳ್ಳಿಯ ಹತ್ತಿರದ ಕಲ್ಲು ಇಳಿಜಾರಿನಲ್ಲಿ ಸೈಕಲ್ಲು ಒಂದು ಕಡೆ, ಅವಳು ಒಂದು ಕಡೆ. ಹೊಲದಲ್ಲಿದ್ದವರು ಟೆಂಪೋದಲ್ಲಿ ಆಸ್ಪತ್ರೆಗೆ ತಂದು ಅಪ್ಪನಿಗೆ ಫೋನ್ ಮಾಡಿದರು. ಮುಂಗೈ ಮೂಳೆ ಮುರಿದಿತ್ತು. ಕೈಗೆ ಪ್ಲಾಸ್ಟರ್ ಬಿತ್ತು. ಅಪ್ಪ ಸೈಕಲ್ಲನ್ನು ನಮ್ಮ ಮನೆಗೆ ತರಿಸಿ, ಜಗಲಿಯ ಕಿಟಕಿ ಸರಳಿಗೆ ಸರಪಳಿ ಸುತ್ತಿ ಬೀಗ ಜಡಿದ. ಕೀಲಿ ಜನಿವಾರದ ಹಾಗೆ ಅವನ ಮೈಮೇಲೇ ಇರುತ್ತಿತ್ತು.

ಕೈ ಕೂಡಿ ಪ್ಲಾಸ್ಟರ್ ಬಿಚ್ಚಿದ ದಿನ ಅತ್ತೆ ಬಂದು ಕೀಲಿ ಕೇಳಿದಳು.

"ಕೊಡಾಕಿಲ್ಲ. ಬಿದ್ದಿದ್ದು ಸಾಕು," ಎಂದ ಅಪ್ಪ.

"ಮಂಚದಿಂದ ಬಿದ್ದೋರು ಇಲ್ವೇನ್ಲಾ? ಮಂಚಕ್ಕೆ ಯಾರಾದ್ರೂ ಬೀಗ ಹಾಕವ್ರಾ?"

"ಮಂಚ ಐ.ಡಿ.ಹಳ್ಳಿಗೆ ಹೋಗಾಕಿಲ್ಲ ಕಣಕ್ಕಾ!"

ಅತ್ತೆ ಮಾರನೆಯ ಬೆಳಿಗ್ಗೆ ಚಾಪೆ, ನೀರಿನ ಬಾಟಲಿ, ಬುತ್ತಿ ಹಿಡಿದು ಬಂದು ನಮ್ಮ ಜಗಲಿಯ ಮೇಲೆ ಸೈಕಲ್ಲಿನ ಪಕ್ಕ ಕುಳಿತಳು. ಒಳಗೆ ಬಾ ಎಂದು ಅಮ್ಮ ಕರೆದಳು. "ನಿನ್ನ ಮೇಲೆ ಕೋಪ ಇಲ್ಲ ಕಣಮ್ಮ. ಆದ್ರೆ ನಿನ್ನ ಗಂಡನ ಮನೆ ಕಾಫಿ ಬ್ಯಾಡ," ಎಂದಳು. ನಮ್ಮ ಮನೆ ಇರುವುದು ಸಂತೆಗೆ ಹೋಗುವ ದಾರಿಯಲ್ಲಿ. ಹೋಗುವವರು, ಬರುವವರು, ಅಪ್ಪನ ಹಳೆಯ ವಿದ್ಯಾರ್ಥಿಗಳು, ಎಲ್ಲರೂ ನಿಂತು ಕೇಳುವವರೇ.

"ಯಾಕಕ್ಕಾ, ಇಲ್ಲಿ ಕುಂತಿದ್ದೀಯ?"

"ಇದುನ್ನ ಜೈಲಿಗೆ ಹಾಕವ್ರಲ್ಲ. ನೋಡ್ಕಂಡು ಹೋಗಾಣ ಅಂತ ಬಂದೆ."

ಮಧ್ಯಾಹ್ನದ ಹೊತ್ತಿಗೆ ಜಗಲಿಯ ಮುಂದೆ ಸಣ್ಣ ಜಾತ್ರೆಯೇ ಸೇರಿತು. ಹಿಂದೊಮ್ಮೆ ಅಪ್ಪನಿಂದ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಉಂಡಿದ್ದ, ಈಗ ವಕೀಲನಾಗಿರುವ ಒಬ್ಬ, "ಸಾರ್, ಜಾಮೀನು ಅರ್ಜಿ ಹಾಕ್ಲಾ?" ಎಂದು ಒಳಗೆ ಇಣುಕಿದ. ಅಪ್ಪ ಕಿಟಕಿ ಮುಚ್ಚಿದ. ಮುಚ್ಚಿದ ಕಿಟಕಿಯ ಸರಳಿಗೇ ಅಲ್ಲವೇ ಸೈಕಲ್ಲು ಕಟ್ಟಿದ್ದು? ಅತ್ತೆ ಹೊರಗಿನಿಂದ ಬೆಲ್ ಹೊಡೆಯತೊಡಗಿದಳು. ಟ್ರಿಣ್! ಟ್ರಿಣ್! ಬಿಸಿಲಿಳಿಯುವ ಹೊತ್ತಿಗೆ ಕದ ತೆರೆಯಿತು. ಅಪ್ಪ ಹೊರಗೆ ಬಂದು ಬೀಗ ತೆಗೆದ.

"ಎಲ್ಲಿಗೆ ಹೋಗ್ತೀಯ?"

"ಮದಲೂರು ಕೆರೆ. ಈ ಸಲ ನೀರು ಬಂದೈತಂತೆ."

"ನಾನೂ ಬರ್ತೀನಿ," ಎಂದ ಅಪ್ಪ.

ಬೆಳಗಾಗುತ್ತಲೇ ಹೊರಟೆವು. ಅತ್ತೆ ಸೈಕಲ್ಲಿನಲ್ಲಿ, ಅವಳ ಹಿಂದೆ ಸ್ಕೂಟರಿನಲ್ಲಿ ಅಪ್ಪ, ಅಪ್ಪನ ಹಿಂದೆ ನಾನು. ಬಂಡಿ ಜಾಡಿನಲ್ಲಿ ಅವಳು ಕಲ್ಲುಗಳ ಸಂದಿಯಲ್ಲಿ ಹಾವಿನ ಹಾಗೆ ನುಸುಳುತ್ತಿದ್ದಳು. ನಾವು ಕುಣಿಯುತ್ತಿದ್ದೆವು. ಒಂದು ಹಳ್ಳದ ಮರಳಿನಲ್ಲಿ ಸ್ಕೂಟರು ಹೂತು ನಿಂತೇಹೋಯಿತು. ಅತ್ತೆ ಹಿಂದಕ್ಕೆ ಬಂದು, ಸೈಕಲ್ಲು ಮಲಗಿಸಿ, ಕೂಡಿಕೊಂಡ ಕೈಯನ್ನೇ ಕೊಟ್ಟು ತಳ್ಳಿದಳು. "ನಿನ್ನುನ್ನ ಕಾಯಾಕೆ ನಾನು ಬರ್ಬೇಕಾಯ್ತಲ್ಲೋ!" ಎಂದು ನಕ್ಕಿದ್ದೂ ಆಯಿತು.

ಮದಲೂರು ಕೆರೆ ತುಂಬಿತ್ತು. ಏರಿಯ ಮೇಲೆ ತಂಪು ಗಾಳಿ. ದೂರದಲ್ಲಿ ಬೆಳ್ಳಕ್ಕಿಗಳು ನೀರಿನಂಚಿಗೆ ಸಾಲುಗಟ್ಟಿದ್ದವು. ಅಪ್ಪ ಒಂದು ಕಲ್ಲಿನ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಿದ್ದ. ಅತ್ತೆ ಇನ್ನೂ ಅವನನ್ನು ಛೇಡಿಸುತ್ತಲೇ ಇದ್ದಳು.

"ಅಕ್ಕಾ," ಎಂದ ಅಪ್ಪ, ಅವಳ ಕಡೆ ನೋಡದೆ. "ನೀನು ಬಿದ್ದೆ ಅಂತ ಫೋನ್ ಬಂದಾಗ ನಂಗೆ ಕೈಕಾಲೇ ಆಡ್ಲಿಲ್ಲ. ಊರೆಲ್ಲ ನನ್ನ ಸಾರ್ ಅಂತೈತೆ, ಮೇಷ್ಟ್ರೇ ಅಂತೈತೆ. ಅಪ್ಪ ಅವ್ವ ಹೋದ್ರು. ನನ್ನ 'ಲೇ' ಅನ್ನೋಳು ಇನ್ನು ನೀನೊಬ್ಳೇ ಕಣಕ್ಕಾ ಉಳಿದಿರೋದು."

ಯಾರಿಗೂ ಮಾತು ಬಾಕಿ ಉಳಿಸಿಕೊಳ್ಳದ ಅತ್ತೆ ಹೆಲ್ಮೆಟ್ ತೆಗೆದಳು. ದುಪಟ್ಟಾದ ತುದಿಯಿಂದ ಅಪ್ಪನ ಹಣೆಯ ಮೇಲಿನ ಕೆಂಧೂಳು ಒರೆಸಿದಳು, ಕಿವಿಯ ಹಿಂದೆಯೂ ಒರೆಸಿದಳು, ಸಣ್ಣ ಮಕ್ಕಳಿಗೆ ಒರೆಸುವ ಹಾಗೆ. ನಿವೃತ್ತ ಹೆಡ್‌ಮಾಸ್ಟರು ಕತ್ತು ಬಗ್ಗಿಸಿ ಒರೆಸಿಸಿಕೊಂಡ.

"ಲೇ," ಎಂದಳು ಕೊನೆಗೆ. ಮತ್ತೊಮ್ಮೆ ಅಂದಳು: "ಲೇ, ಏಳ್ಲಾ. ಆ ತುದೀಗಂಟ ನಡ್ಕಂಡು ಹೋಗಾಣ."

ಸೈಕಲ್ಲಿನ ಹ್ಯಾಂಡಲಿಗೆ ಒಂದು ಪಕ್ಕ ಅವಳ ಕೈ, ಇನ್ನೊಂದು ಪಕ್ಕ ಅವನ ಕೈ. ಇಬ್ಬರೂ ಏರಿಯ ಮೇಲೆ ನಿಧಾನವಾಗಿ ನಡೆದರು. ನಾನು ಸ್ಕೂಟರಿನ ಹತ್ತಿರವೇ ಉಳಿದೆ.