ಚುಕ್ಕಿ ಕಾಣದ ಬೆಳಕು

ನಮ್ಮ ಸೋದರಮಾವನಿಗೆ ಈ ಲೋಕದಲ್ಲಿ ಯಾರ ಮೇಲೂ ದ್ವೇಷವಿಲ್ಲ, ಚುಕ್ಕಿಗಳನ್ನು ಬಿಟ್ಟು. ಬಾಗಿಲ ಮುಂದಿನ ರಂಗೋಲಿಯ ಚುಕ್ಕಿಗಳನ್ನಾದರೆ ಹೇಗೋ ಸಹಿಸಿಕೊಳ್ಳುತ್ತಾರೆ. ದೀಪದಲ್ಲಿ ಚುಕ್ಕಿ ಕಂಡರೆ ಮಾತ್ರ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಚಿಂತಾಮಣಿಯಲ್ಲಿ ನೆಂಟರ ಮದುವೆಗೆ ಹೋಗಿದ್ದಾಗ ಎಲ್ಲರೂ ಮದುಮಗಳನ್ನು ನೋಡುತ್ತಿದ್ದರೆ, ಇವರು ಮಂಟಪದ ಸುತ್ತ ಕಟ್ಟಿದ್ದ ದೀಪದ ಪಟ್ಟಿಯನ್ನೇ ನೋಡುತ್ತ ನಿಂತಿದ್ದರು. ಹುಡುಗಿ ಹೇಗಿದ್ದಾಳೆ ಎಂದು ಯಾರೋ ಕೇಳಿದ್ದಕ್ಕೆ, ಎಡಗಡೆ ಮೂಲೆಯಲ್ಲಿ ಬೆಳಕು ಒಡೆದಿದೆ ಎಂದರು! ಹುಡುಗಿಯ ಚಿಕ್ಕಪ್ಪ ಇಂದಿಗೂ ಇವರನ್ನು ಮಾತಾಡಿಸುವುದಿಲ್ಲ.

ಇದು ಹುಟ್ಟುಗುಣವಲ್ಲ, ಕಸುಬು ಅಂಟಿಸಿದ ಗುಣ. ಮಾವ ಶಿಡ್ಲಘಟ್ಟದಲ್ಲಿ ಅರ್ಧ ಆಯುಸ್ಸು ರೇಷ್ಮೆ ನೂಲು ತೆಗೆಸಿದವರು. ಬಿಸಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಎದ್ದು ಬರುವ ಎಳೆ ಎಲ್ಲಿ ದಪ್ಪವಾಯಿತು, ಎಲ್ಲಿ ಸಣ್ಣಗಾಯಿತು ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದ ಕಣ್ಣು ಅದು. ನೂಲು ತೆಗೆಯುವ ಮಿಷನ್ ಮಾರಿದ ಮೇಲೆ ಆ ಕಣ್ಣು ಸುಮ್ಮನೆ ಕೂರಬೇಕಲ್ಲ? ಅತ್ತೆ ಕಟ್ಟಿದ ಮುದ್ದೆಯ ದುಂಡು, ಪಕ್ಕದ ಮನೆಯವರು ಹೊಡೆಸಿದ ಸುಣ್ಣ, ನನ್ನ ಮೀಸೆಯ ಎರಡು ತುದಿ, ಎಲ್ಲದರ ತಪಾಸಣೆ ಶುರುವಾಯಿತು. ನಾನು ಗೌರಿಬಿದನೂರಿನಿಂದ ಅವರ ಮನೆಗೆ ಹೊರಡುವ ದಿನ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ.

ಅಂಥ ಕಣ್ಣಿಗೇ ಸಕ್ಕರೆ ಕಾಯಿಲೆ ತಗಲಿಕೊಂಡಿತು. ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನೇ. ಹೋಗಿರುವ ದೃಷ್ಟಿ ವಾಪಸು ಬರುವುದಿಲ್ಲ, ಇರುವುದನ್ನು ಎಷ್ಟು ದಿನ ಉಳಿಸಿಕೊಳ್ಳಬಹುದೋ ನೋಡೋಣ, ಕಾರು ಮಾತ್ರ ಇನ್ನು ಓಡಿಸಬೇಡಿ ಎಂದರು ಅವರು. ಮಾವ ಎಲ್ಲವನ್ನೂ ಕೇಳಿಸಿಕೊಂಡು, ನಿಮ್ಮ ಮಿಷನ್ನಿನ ದೀಪದಲ್ಲಿ ಕೆಳಗಡೆ ಒಂದು ಕಡೆ ಮಬ್ಬಿದೆ, ಸರಿ ಮಾಡಿಸಿ ಎಂದರು. ನನಗೆ ನಗು ಬಂತು. ಡಾಕ್ಟರು ನಗದೆ ಇದ್ದದ್ದನ್ನು ನೋಡಿ, ಆ ಮಬ್ಬು ಎಲ್ಲಿರುವುದೆಂದು ನನಗೂ ಅರ್ಥವಾಯಿತು.

ಮನೆಯಲ್ಲಿದ್ದ ಹಳೆಯ ಕಾರು ಅತ್ತೆಯ ಪಾಲಿಗೆ ಬಂತು. ಐವತ್ತು ದಾಟಿದ ಅತ್ತೆ ಡ್ರೈವಿಂಗ್ ಸ್ಕೂಲಿಗೆ ಸೇರಿ, ಗೇರು ಬದಲಿಸುವಾಗಲೆಲ್ಲ “ಇದೇಮಿ ಕರ್ಮ” ಎಂದು ತೆಲುಗಿನಲ್ಲಿ ಗೊಣಗುತ್ತ ಅಂತೂ ಕಲಿತರು. ಹಗಲು ಹೊತ್ತು ಮಂಡಿಕಲ್‌ವರೆಗೂ ಓಡಿಸುವಷ್ಟು ಧೈರ್ಯ ಬಂತು. ಸೂರ್ಯ ಮುಳುಗಿದರೆ ಮುಗಿಯಿತು, ಒಳಗಿನ ಕತ್ತಲಲ್ಲಿ ಕಾಲಿಗೆ ಕ್ಲಚ್ಚು ಸಿಗದೆ ಕಂಗಾಲಾಗುತ್ತಿದ್ದರು. ಮೇಲಿನ ದೀಪ ಹಾಕೋಣವೆಂದರೆ ಗಾಜಿನ ತುಂಬ ಅದೇ ಹೊಳೆದು ರಸ್ತೆ ಕಾಣದು. ಆಗ ಮಾವ ಕಾರಿನೊಳಗೆ ಕಾಲ ಹತ್ತಿರ, ಬಾಗಿಲ ಅಂಚಿಗೆ, ಕಣ್ಣಿಗೆ ಚುಚ್ಚದ ಬೆಳಕು ಕೂರಿಸುವ ಕೆಲಸಕ್ಕೆ ಕೈಹಾಕಿದರು.

“ಕಣ್ಣಿರೋವಾಗಲೇ ಇದನ್ನ ಮುಗಿಸ್ಬೇಕು ಕಣೋ ಅಳಿಯ,” ಎಂದರು ನನಗೆ. “ಇನ್ಮೇಲೆ ಅವಳೇ ತಾನೆ ನನ್ನ ಕರ್ಕೊಂಡು ಓಡಾಡ್ಬೇಕಾದೋಳು.”

ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದಲ್ಲ ಮಾವ ಎಂದು ನಾನೇ ಒಂದು ಎಲ್‌ಇಡಿ ಪಟ್ಟಿ ತಂದುಕೊಟ್ಟೆ. ಹಚ್ಚಿದ ಕೂಡಲೇ ಮುಖ ತಿರುಗಿಸಿದರು. ಸಾಸಿವೆ ಕಾಳಿನಂಥ ದೀಪಗಳು ಒಂದೊಂದೂ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಅವೆಲ್ಲ ಕಲೆತು ಒಂದೇ ಗೆರೆಯಾಗಬೇಕಾದರೆ ಮೇಲೆ ಏನನ್ನಾದರೂ ಹೊದಿಸಬೇಕು. ತೆಳ್ಳಗೆ ಹೊದಿಸಿದರೆ ಚುಕ್ಕಿ ಇಣುಕುತ್ತದೆ, ದಪ್ಪಗೆ ಹೊದಿಸಿದರೆ ಬೆಳಕೇ ಸಾಯುತ್ತದೆ. ಈ ಎರಡರ ನಡುವೆ ಮಾವನ ಒಂದು ವರ್ಷ ಹೋಯಿತು.

ಹಾಲಿನ ಪ್ಯಾಕೆಟ್ಟು ಹೊದಿಸಿದರು, ಮೊಸರಿನ ಡಬ್ಬಿಯ ಮುಚ್ಚಳ ಕತ್ತರಿಸಿ ಅಂಟಿಸಿದರು. ಒಂದು ಭಾನುವಾರ ಅತ್ತೆ ಇಡ್ಲಿಗೆಂದು ಹಿಟ್ಟು ಕಲಕಿ ನಿಂತರೆ ಇಡ್ಲಿ ಬಟ್ಟೆಯೇ ಇಲ್ಲ. ಹುಡುಕಿದರೆ ಅದು ಕಾರಿನಲ್ಲಿ ಸ್ಟಿಯರಿಂಗಿನ ಕೆಳಗೆ ನೀಲಿಯಾಗಿ ಬೆಳಗುತ್ತಿದೆ! ಅವತ್ತು ನಾವು ದೋಸೆ ತಿಂದೆವು.

ಆಮೇಲೆ ರೇಷ್ಮೆ ಗೂಡುಗಳ ಸರದಿ. ಒಡೆದು ಹೋದ ಗೂಡುಗಳನ್ನು ತಂದು, ಉದ್ದಕ್ಕೆ ಸೀಳಿ, ಒಂದರ ಪಕ್ಕ ಒಂದು ಜೋಡಿಸಿದರು. ನಿಜ ಹೇಳಬೇಕೆಂದರೆ ಅಷ್ಟು ಚೆಂದದ ಬೆಳಕನ್ನು ನಾನು ಬೇರೆಲ್ಲೂ ನೋಡಿಲ್ಲ, ಬೆಳದಿಂಗಳನ್ನು ಹಿಡಿದು ಒಳಗೆ ಕೂರಿಸಿದ ಹಾಗಿತ್ತು. ಆದರೆ ಗೂಡಿನೊಳಗೆ ಉಳಿದಿದ್ದ ಹುಳುವಿನ ಚೂರಿಗೆ ಇರುವೆಗಳು ಮುತ್ತಿ, ಕೈವಾರಕ್ಕೆ ಹೋಗಿ ಬರುವಷ್ಟರಲ್ಲಿ ಅತ್ತೆಯ ಕಾಲೆರಡೂ ಊದಿಕೊಂಡವು. ಅದನ್ನೂ ಕಿತ್ತು ಹಾಕಬೇಕಾಯಿತು.

ಪ್ರತಿ ಸಲವೂ ತೀರ್ಪು ಕೊಡುವವರು ಅತ್ತೆಯೇ. ನನ್ನ ಮಾತಿಗೆ ಮಾವನ ಹತ್ತಿರ ಬೆಲೆಯಿಲ್ಲ. ಅತ್ತೆಗೆ ಸುಳ್ಳು ಬರುವುದಿಲ್ಲ, ಬೀಗರ ಮನೆಯಲ್ಲಿ ಕೂತು ಪಾಯಸಕ್ಕೆ ಬೆಲ್ಲ ಸಾಲದು ಎಂದ ಹೆಂಗಸು ಅವರು. ಮಾವ ದೀಪ ಹಚ್ಚಿ, ಚುಕ್ಕಿ ಕಾಣುತ್ತಾ ಎಂದು ಕೇಳುವರು. ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು, ಬಗ್ಗಿ ನೋಡಿ, ಕಾಣುತ್ತೆ ಎಂದು ಹೇಳಿ ಒಳಗೆ ಹೋಗುವರು. ಮಾವನಿಗೆ ಬೇಸರವಿಲ್ಲ. ಬದಲಿಗೆ, ನೋಡಿದೆಯಾ ಅವಳ ಕಣ್ಣು ಎಂದು ನನಗೆ ಹೆಮ್ಮೆಯಿಂದ ಹೇಳುವರು.

ಕೊನೆಗೆ ಹಾಲುಬಣ್ಣದ ಪ್ಲಾಸ್ಟಿಕ್ ಕೊಳವೆ ಸಿಕ್ಕಿತು. ಅದನ್ನು ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಹದಕ್ಕೆ ತರಬೇಕಿತ್ತು. ಅಷ್ಟು ಹೊತ್ತಿಗೆ ಮಾವ ಕಣ್ಣಿಗಿಂತ ಬೆರಳನ್ನೇ ಹೆಚ್ಚು ನಂಬತೊಡಗಿದ್ದರು. ಟೀ ಲೋಟವನ್ನು ಮೇಜಿನ ಮೇಲೆ ತಡವಿ ಹುಡುಕುತ್ತಿದ್ದರು. ನಾನು ಹೋದರೆ ಮೀಸೆಯ ಸುದ್ದಿ ಎತ್ತುತ್ತಿರಲಿಲ್ಲ. ಒಂದು ಸಲ ಬೇಕೆಂದೇ ಓರೆಯಾಗಿ ಕತ್ತರಿಸಿಕೊಂಡು ಹೋದೆ. ಆಗಲೂ ಏನೂ ಅನ್ನಲಿಲ್ಲ. ಅವತ್ತು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಕೊಳವೆ ಕೂರಿಸಿದ ದಿನ ಮುಸ್ಸಂಜೆ ಮೂವರೂ ಕಾರಿನಲ್ಲಿ ಕೂತೆವು. ಅತ್ತೆ ಸ್ಟಿಯರಿಂಗಿನ ಮುಂದೆ, ಮಾವ ಅವರ ಪಕ್ಕ, ನಾನು ಹಿಂದೆ. ಮಾವ ತಡವಿ ಸ್ವಿಚ್ಚು ಹಾಕಿದರು. ಉಜ್ಜಿದ್ದು ಅತಿಯಾಗಿ ಕೊಳವೆ ಅಲ್ಲಲ್ಲಿ ತೆಳ್ಳಗಾಗಿತ್ತು. ಚುಕ್ಕಿಗಳು ಸಾಲುಸಾಲಾಗಿ, ಎಣಿಸುವ ಹಾಗೆ ಕಾಣುತ್ತಿದ್ದವು. ಮಾವ ಬಗ್ಗಿ ಬಹಳ ಹೊತ್ತು ನೋಡಿದರು. ಮುಖ ಅರಳಿತ್ತು.

“ಬಂತು ಕಣೇ,” ಎಂದರು. “ನೂಲು ಎಳೆದಂಗೆ ಒಂದೇ ಸಮ ಬಂತು. ಚುಕ್ಕಿ ಕಾಣುತ್ತಾ ನೋಡು.”

ಅತ್ತೆ ಒಂದು ಸಲ ನನ್ನ ಕಡೆ ತಿರುಗಿದರು. ಆ ಮುಖ ನೋಡಲಾಗದೆ ನಾನು ತಲೆ ತಗ್ಗಿಸಿದೆ.

“ಇಲ್ಲ ರೀ,” ಎಂದರು ಅತ್ತೆ. “ಒಂದೂ ಕಾಣಲ್ಲ. ತುಂಬ ಚೆನ್ನಾಗಿದೆ.”

ಮಾವ ಸೀಟಿಗೆ ಒರಗಿದರು. ಗಾಜಿನಾಚೆ ಬೀದಿ ದೀಪಗಳು ಹತ್ತಿಕೊಂಡಿದ್ದವು, ಮೂಲೆಯ ಅಂಗಡಿಯವನು ಬಣ್ಣದ ಸೀರಿಯಲ್ ಲೈಟು ಹಾಕಿದ್ದ. ಮಾವ ಅವನ್ನೇ ದಿಟ್ಟಿಸಿದರು. ಅರಳಿದ್ದ ಮುಖ ಮೆಲ್ಲಗೆ ಇಳಿಯಿತು.

“ಆ ಅಂಗಡಿ ದೀಪಾನೂ ನಂಗೆ ಒಂದೇ ಸಮ ಕಾಣ್ತಿದೆ ಕಣೇ,” ಎಂದರು.

ಮಾವ ಗಾಳಿಯಲ್ಲಿ ತಡವಿ, ಸ್ಟಿಯರಿಂಗಿನ ಮೇಲಿದ್ದ ಅತ್ತೆಯ ಕೈಯನ್ನು ಹುಡುಕಿ ಹಿಡಿದುಕೊಂಡರು.

“ಇರಲಿ ಬಿಡು,” ಎಂದರು. “ಈಗ ಹೇಳಿದ್ಯಲ್ಲ, ಅದನ್ನ ಇನ್ನೊಂದು ಸಲ ಹೇಳು.”