ನನ್ನ ತಲೆಯೊಳಗಿನ ಬಾಗಿಲು

ಕೆಲವರು ಲೆಕ್ಕ ಹಾಕಿ ಯೋಚಿಸುತ್ತಾರೆ, ಕೆಲವರು ಬಾಯಿಬಿಟ್ಟು ಯೋಚಿಸುತ್ತಾರೆ. ನಾನು ಚಿತ್ರ ನೋಡಿ ಯೋಚಿಸುವವಳು. ಉಪ್ಪಿನ ಡಬ್ಬಿ ಎಲ್ಲಿ ಎಂದರೆ ಕಣ್ಣು ಮುಚ್ಚುತ್ತೇನೆ. ಒಲೆಯ ಬದಿಯ ಗೋಡೆಯ ಮಾಡ, ಅದರಲ್ಲಿ ಡಬ್ಬಿ, ಡಬ್ಬಿಯ ಮೇಲೆ ಹಿಟ್ಟಿನ ಕೈ ಗುರುತು, ಎಲ್ಲ ಕಾಣುತ್ತದೆ. ಡಬ್ಬಿ ಅಲ್ಲಿರುವುದಿಲ್ಲ, ಅದು ಬೇರೆ ಮಾತು. ನಮ್ಮನೆಯವರಿಗೆ ಈ ಭಾಗ್ಯವಿಲ್ಲ. ಕಣ್ಣು ಮುಚ್ಚಿದರೆ ಅವರಿಗೆ ಕಾಣುವುದು ಕತ್ತಲೆ, ಅದರ ಬೆನ್ನಿಗೇ ನಿದ್ದೆ. ಅದಕ್ಕೇ ಪಾಪ, ಎಲ್ಲದಕ್ಕೂ ಟೇಪು ಹಿಡಿಯುತ್ತಾರೆ.

ಹೋದ ಶ್ರಾವಣದಲ್ಲಿ ಸುರಪುರದ ತವರಿಗೆ ಹೋದಾಗ, ಅಣ್ಣನ ಹೆಂಡತಿ, ನನ್ನ ವೈನಿ, ತಳ ತೂತಾದ ಟ್ರಂಕಿನಿಂದ ತಮ್ಮ ಮದುವೆಯ ಇಳಕಲ್ ಸೀರೆ ತೆಗೆದು ತೋರಿಸಿದರು. ಸೆರಗಿನಲ್ಲಿ ಇಲಿ ಒಂದು ಕಿಟಕಿ ಇಟ್ಟಿತ್ತು. ವೈನಿಯ ಕಣ್ಣು ತುಂಬಿದ್ದು ನೋಡಿ, "ಉಕ್ಕಿನ ಅಲಮಾರಿ ನಾ ಕೊಡಸ್ತೀನಿ ವೈನಿ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿಬಿಟ್ಟೆ.

ನಮ್ಮೂರು ಯಾದಗಿರಿಗೆ ಮರಳಿದ ಮೇಲೆ ಅಂಗಡಿಯಲ್ಲಿ ನಮ್ಮನೆಯವರು, "ನಿಮ್ಮ ಅಣ್ಣಗ ಫೋನ್ ಹಚ್ಚಿ ಬಾಗಲ ಅಳತಿ ಕೇಳಲೇನು?" ಎಂದರು.

"ನಾ ಹುಟ್ಟಿದ ಮನಿ ಬಾಗಲಾರೀ ಅದು! ಕಣ್ಣಮುಂದ ನಿಂತದ" ಎಂದೆ.

ನಿಂತೇ ಇತ್ತು. ಕದಕ್ಕೆ ಹಿತ್ತಾಳೆಯ ಬಳೆ, ಅರಿಶಿನದ ಹೊಸ್ತಿಲು, ಕುದುರೆ ಸವಾರ ತಲೆಯೆತ್ತಿ ಬರುವಷ್ಟು ಎತ್ತರ. ಇದ್ದುದರಲ್ಲೇ ಎತ್ತರದ, ಕನ್ನಡಿಯಿದ್ದ ಅಲಮಾರಿ ಆರಿಸಿ ಟೆಂಪೋಕ್ಕೆ ಹೇರಿಸಿ, ನಮ್ಮನೆಯವರನ್ನು ಮನೆಯಲ್ಲೇ ಬಿಟ್ಟು ಹೊರಟೆ. ಶಹಾಪುರದ ಹತ್ತಿರ ಡ್ರೈವರ್, "ಅಕ್ಕಾರ, ಗುಡ್ಡದಾಗ ಬುದ್ಧ ಮಲಗ್ಯಾನ ನೋಡ್ರಿ" ಎಂದ. ಹಣೆ, ಮೂಗು, ಎದೆ, ಒಂದೇ ನೋಟಕ್ಕೆ ಕಂಡವು. ಕಲ್ಲುಗುಡ್ಡದಲ್ಲಿ ಬುದ್ಧನನ್ನು ಕಾಣುವ ಕಣ್ಣಿಗೆ ಒಂದು ಬಾಗಿಲು ಯಾವ ಲೆಕ್ಕ!

ವೈನಿ ಸೀರೆಗಳನ್ನೆಲ್ಲ ಮಡಚಿ ಮಂಚದ ಮೇಲೆ ಒಟ್ಟಿದ್ದರು. ಅಲಮಾರಿಗೆ ಹಚ್ಚಲು ಕುಂಕುಮದ ತಟ್ಟೆಯೂ ತಯಾರು. ಟೆಂಪೋದಿಂದ ಇಳಿಸಿ ನಿಲ್ಲಿಸಿದರೆ ಬಾಗಿಲು ಅಲಮಾರಿಯ ಭುಜಕ್ಕೆ ಬರುತ್ತಿತ್ತು. ಅಣ್ಣ, ಡ್ರೈವರ್ ಸೇರಿ ಮಲಗಿಸಿ ತಳ್ಳಿದರು. ಒಳಗಿನ ಅಡ್ಡಗೋಡೆಗೆ ಬಡಿದು, ಬಣ್ಣ ಕೆತ್ತಿಸಿಕೊಂಡು, ಅರ್ಧಕ್ಕೇ ಸಿಕ್ಕಿಕೊಂಡಿತು. ವೈನಿ, ಕುಂಕುಮ, ಚಹಾ ಒಳಗೆ, ನಾವೆಲ್ಲ ಹೊರಗೆ.

"ಇದೂ ಮಲಗ್ತು ನೋಡ್ರಿ ಅಕ್ಕಾರ" ಎಂದ ಡ್ರೈವರ್.

ಅಣ್ಣ ಬೆವರು ಒರೆಸಿಕೊಂಡು, "ತಂಗೀ, ಆ ನಿನ್ನ ತಲ್ಯಾಗಿನ ಬಾಗಲಾನೂ ಟೆಂಪೋದಾಗ ಹಾಕ್ಕೊಂಡು ಬರಬೇಕಾಗಿತ್ತವ್ವ" ಎಂದ.

ಆಗ ಹೊಳೆಯಿತು. ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗ ತಲೆಯೆತ್ತಿ ನೋಡಿದ ಬಾಗಿಲು ಅದು. ನಾನು ಬೆಳೆದೆ, ಚಿತ್ರ ಬೆಳೆಯಲೂ ಇಲ್ಲ, ಕುಗ್ಗಲೂ ಇಲ್ಲ. ಮದುವೆಯಾದಾಗಿನಿಂದ ಪ್ರತಿ ಸಲವೂ ಆ ಬಾಗಿಲಲ್ಲಿ ಬಗ್ಗಿಯೇ ಒಳಗೆ ಹೋಗಿದ್ದೇನೆ. ಬೆನ್ನಿಗೆ ಗೊತ್ತಿದ್ದದ್ದನ್ನು ತಲೆ ಒಂದು ದಿನವೂ ಕೇಳಲಿಲ್ಲ.

ಎಳೆದು ಹೊರಗೆ ತೆಗೆದ ಮೇಲೆ ವೈನಿ ಸೀರೆಗಳನ್ನು ಮತ್ತೆ ಟ್ರಂಕಿಗೆ ತುಂಬತೊಡಗಿದರು. "ನಾಳೆನೇ ಗಿಡ್ಡಂದು ಕಳಸ್ತೀನಿ ವೈನಿ. ಇದು ನಮ್ಮನಿಗೆ ಇರಲಿ" ಎಂದೆ.

"ಗಿಡ್ಡಂದು ಅಂದ್ರ ಎಷ್ಟು ಗಿಡ್ಡಂದು?"

ನಾನು ಕಣ್ಣು ಮುಚ್ಚಿದೆ.

"ಕಣ್ಣು ತೆಗೀರಿ ಮೊದ್ಲ!" ಎಂದು ವೈನಿ ನಕ್ಕು, ಬಾಗಿಲಿಗೆ ದಾರ ಹಿಡಿದು, ಅಳತೆಗೆ ಗಂಟು ಹಾಕಿ, ನನ್ನ ಮುಂಗೈಗೇ ಕಟ್ಟಿದರು.

ವಾಪಸು ಬರುವಾಗ ದಾರಿಯುದ್ದಕ್ಕೂ ಇನ್ನೊಂದೇ ಚಿತ್ರ: ನಮ್ಮನೆಯವರು ಹೊಸ್ತಿಲಲ್ಲಿ ನಿಂತಿದ್ದಾರೆ, ಕೈಯಲ್ಲಿ ಟೇಪು, ಮೀಸೆಯಡಿ ನಗು. ಯಾದಗಿರಿಯಲ್ಲಿ ಟೆಂಪೋ ನಿಂತಿತು, ನಮ್ಮನೆಯ ಬಾಗಿಲು ತೆರೆಯಿತು. ಆ ಚಿತ್ರ ಮಾತ್ರ ಒಂದು ನೂಲಿನಷ್ಟೂ ತಪ್ಪಿರಲಿಲ್ಲ.